ಸಿಂಕಿನ ಸ್ಪಂಜು

ಮೊನ್ನೆ ಸಿಂಕಿನ ಸ್ಪಂಜು ಹರಿದು ಎರಡು ತುಂಡಾಯಿತು. ಕುಕ್ಕರಿನ ತಳಕ್ಕೆ ಹತ್ತಿದ ಅನ್ನವನ್ನು ತುಸು ಜೋರಾಗಿಯೇ ಉಜ್ಜಿದ್ದೆ. ಅಜ್ಜಿ ಇದ್ದಿದ್ದರೆ ತೆಂಗಿನ ನಾರು, ಒಲೆ ಬೂದಿ ಮುಂದಿಟ್ಟು ಸುಮ್ಮನಾಗುತ್ತಿದ್ದಳು. ನನಗೆ ಮಾತ್ರ ಕೈಯಲ್ಲಿದ್ದ ಹಳದಿ ತುಂಡು ನೋಡಿ ಆ ಹೆಸರಿನ ನಿಜವಾದ ವಾರಸುದಾರ ನೆನಪಾದ.

ನನ್ನ ಕೈಯಲ್ಲಿದ್ದದ್ದು ಕಾರ್ಖಾನೆಯ ಮಾಲು. ಹೆಸರು ಸಮುದ್ರದಲ್ಲಿ ಬಂಡೆ ಹಿಡಿದು ಕೂತ ಪ್ರಾಣಿಯದು. ಪ್ರಾಣಿ ಅಂದರೆ ನಂಬುವುದು ಕಷ್ಟ. ಬಾಯಿಲ್ಲ, ಹೊಟ್ಟೆಯಿಲ್ಲ, ನರವಿಲ್ಲ, ಮಿದುಳಂತೂ ಇಲ್ಲವೇ ಇಲ್ಲ. ಇದರ ಮುಂದೆ ನಮ್ಮ ಕರಾವಳಿಯ ಅಂಬಲಿ ಮೀನೂ (ಜೆಲ್ಲಿಫಿಶ್) ದೊಡ್ಡ ಪಂಡಿತ. ಅದಕ್ಕೆ ನರಗಳ ಬಲೆಯಿದೆ, ಬಾಯಿಯಿದೆ. ತಿನ್ನುವುದೂ ಹೊರಹಾಕುವುದೂ ಆ ಒಂದೇ ಬಾಯಿಂದ, ಆ ಮಾತು ಬೇರೆ.

ಸ್ಪಂಜನ್ನು ಗಿಡವೆಂದುಕೊಂಡವರೇ ಬಹಳ. 1825ರ ಹೊತ್ತಿಗೆ ಎಡಿನ್‌ಬರೋದ ಪ್ರಾಣಿವಿಜ್ಞಾನಿ ರಾಬರ್ಟ್ ಗ್ರಾಂಟ್ ಜೀವಂತ ಸ್ಪಂಜಿನ ಚೂರೊಂದನ್ನು ಸಮುದ್ರದ ನೀರಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದ. ಅದರ ತೂತಿನಿಂದ ನೀರು ಚಿಲುಮೆಯ ಹಾಗೆ ಚಿಮ್ಮುತ್ತಿತ್ತು! ಮೈತುಂಬ ಇರುವ ಸಣ್ಣ ತೂತುಗಳಿಂದ ನೀರು ಒಳಗೆ, ದೊಡ್ಡ ತೂತಿನಿಂದ ಹೊರಗೆ. ಒಳಗೆ ಸಾಲುಗಟ್ಟಿದ ಜೀವಕೋಶಗಳು ಒಂದೊಂದು ಬಾಲ ಬೀಸುತ್ತ ನೀರು ತಳ್ಳುತ್ತವೆ, ತೇಲಿ ಬಂದ ಬ್ಯಾಕ್ಟೀರಿಯಾ ಹಿಡಿದು ನುಂಗುತ್ತವೆ. ದಿನಕ್ಕೆ ತನ್ನ ಗಾತ್ರದ ಸಾವಿರಾರು ಪಟ್ಟು ನೀರು ಸೋಸುವ ಸ್ಪಂಜುಗಳಿವೆ. ಸುಮ್ನೆ ಕೂತಿದೆ ಅನ್ನುವುದು ನೋಡುವವರ ಭ್ರಮೆ. ಕುರ್ಚಿಯಲ್ಲಿ ಕೂತು ಇದೇ ವಾದ ಹೂಡಿ ನಾನು ಮನೆಯಲ್ಲಿ ಸೋತಿದ್ದೇನೆ.

ನನಗೆ ಜಾಸ್ತಿ ಇಷ್ಟ 1907ರ ಒಂದು ಪ್ರಯೋಗ. ಅಮೆರಿಕದ ಪ್ರಾಣಿವಿಜ್ಞಾನಿ ಎಚ್. ವಿ. ವಿಲ್ಸನ್ ಹಿಟ್ಟು ಸೋಸುವಂಥ ರೇಷ್ಮೆ ಬಟ್ಟೆಯಲ್ಲಿ ಕೆಂಪು ಸ್ಪಂಜನ್ನಿಟ್ಟು ಹಿಂಡಿದ. ಬಟ್ಟಲಿನ ನೀರಲ್ಲಿ ಪ್ರಾಣಿಯೇ ಇಲ್ಲ, ಬರೀ ಬಿಡಿ ಕೋಶಗಳು. ಅವು ತೆವಳಿದವು, ಒಂದಕ್ಕೊಂದು ಅಂಟಿದವು, ಮುದ್ದೆಯಾದವು. ಕೆಲವು ದಿನ ಕಳೆದರೆ ಮತ್ತೆ ಸ್ಪಂಜು! ಎರಡು ಜಾತಿಯ ಕೋಶಗಳನ್ನು ಬೆರೆಸಿದರೂ ಎಷ್ಟೋ ಸಲ ತಮ್ಮ ತಮ್ಮವರನ್ನು ಹುಡುಕಿಕೊಂಡು ಬೇರೆಯಾಗುತ್ತವಂತೆ. ಮದುವೆ ಊಟದ ಪಂಕ್ತಿಯಲ್ಲಿ ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಮಾಡುವುದೂ ಇದನ್ನೇ ಅಲ್ವಾ?

ಇದೇ ಗುಂಗಿನಲ್ಲಿ ಹಳದಿ ತುಂಡೆರಡನ್ನೂ ಸೋಪಿನ ಡಬ್ಬಿಯಲ್ಲಿ ಒತ್ತಿಟ್ಟು ಮಲಗಿದೆ. ಬೆಳಿಗ್ಗೆ ಎರಡೂ ಎರಡಾಗಿಯೇ ಇದ್ದವು.

"ರೀ, ಇದನ್ನಿನ್ನೂ ಎಸೆದಿಲ್ವಾ?" ಅಂದಳು ಹೆಂಡತಿ.

"ಒಂದಾಗುತ್ತೇನೋ ಅಂತ ನೋಡ್ತಿದ್ದೆ" ಅಂದೆ.

ಅವಳು ನೋಡಿದ್ದು ನನ್ನನ್ನಲ್ಲ, ಕುಕ್ಕರನ್ನು. ಸೀದ ಅನ್ನ ಅಲ್ಲೇ ಇತ್ತು.