ಹತ್ತು ನಿಮಿಷ ಮುಂದಿರುವ ಗಡಿಯಾರ

ಕೆಲವರ ಮನೆಯ ಗೋಡೆ ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದೆ ಇರುತ್ತದೆ. ಕೆಟ್ಟಿಲ್ಲ, ಬೇಕೆಂದೇ ಹಾಗಿಟ್ಟಿರುತ್ತಾರೆ. ತಡ ಆಗಬಾರದು ಅಂತ. ಮೊದಲ ವಾರ ಈ ಉಪಾಯ ಚೆನ್ನಾಗಿಯೇ ನಡೆಯುತ್ತದೆ. ಮುಳ್ಳು ನೋಡಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ, ಕಾಲು ಚುರುಕಾಗುತ್ತದೆ. ಆಮೇಲೆ ತಲೆ ಸದ್ದಿಲ್ಲದೆ ಕಳೆಯುವ ಲೆಕ್ಕ ಕಲಿತುಬಿಡುತ್ತದೆ. ಒಂಬತ್ತು ಹೊಡೆದರೆ ‘ಅದು ಹತ್ತು ನಿಮಿಷ ಮುಂದಿದೆ ಬಿಡು’ ಎನ್ನುತ್ತದೆ. ಒಮ್ಮೊಮ್ಮೆ ಧಾರಾಳವಾಗಿ ಹದಿನೈದು ಕಳೆಯುತ್ತದೆ. ತನಗೆ ತಾನೇ ಸುಳ್ಳು ಹೇಳಿ, ಅದನ್ನು ತಾನೇ ಪತ್ತೆ ಹಚ್ಚಿ, ಕೊನೆಗೆ ಮೊದಲಿಗಿಂತ ತಡವಾಗಿ ಹೊರಡುವುದು ಮನುಷ್ಯನಿಗೆ ಮಾತ್ರ ಸಾಧ್ಯ.

ನಮ್ಮೊಳಗೇ ಒಂದು ಗಡಿಯಾರ ಇದೆಯಲ್ಲ, ಅದು ಏನು ಮಾಡುತ್ತಿದೆ ಎಂದು ಕೇಳಬಹುದು. ಇದೆ, ನಿಜ. ಮಿದುಳಿನ ಬುಡದಲ್ಲಿ ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪು ಹಗಲು ರಾತ್ರಿಯ ಲೆಕ್ಕ ಇಡುತ್ತದೆ. ಆದರೆ ಸ್ನಾನಕ್ಕೆ ಹೋಗಿ ಎಷ್ಟು ಹೊತ್ತಾಯಿತು ಅಂತ ಅದು ಹೇಳುವುದಿಲ್ಲ. 1962ರಲ್ಲಿ ಮಿಷೆಲ್ ಸಿಫ್ರ್ ಎಂಬ ಫ್ರೆಂಚ್ ಭೂವಿಜ್ಞಾನಿ ಆಲ್ಪ್ಸ್ ಪರ್ವತದ ಒಂದು ಗುಹೆಯಲ್ಲಿ, ಗಡಿಯಾರವಿಲ್ಲದೆ, ಸೂರ್ಯನಿಲ್ಲದೆ ಎರಡು ತಿಂಗಳು ಒಬ್ಬನೇ ಇದ್ದ. ವಯಸ್ಸು ಇಪ್ಪತ್ತಮೂರು. ಎದ್ದಾಗ, ಉಂಡಾಗ, ಮಲಗುವಾಗ ಮೇಲಿದ್ದ ಗೆಳೆಯರಿಗೆ ಫೋನ್ ಮಾಡುತ್ತಿದ್ದ. ಅವರು ಗಂಟೆ ಎಷ್ಟೆಂದು ಹೇಳುವಂತಿರಲಿಲ್ಲ. ಸೆಪ್ಟೆಂಬರ್ 14ರಂದು ‘ಮುಗಿಯಿತು, ಮೇಲೆ ಬಾ’ ಎಂದಾಗ ಅವನ ಲೆಕ್ಕದಲ್ಲಿ ಅದು ಆಗಸ್ಟ್ 20! ಸೆಕೆಂಡಿಗೆ ಒಂದರಂತೆ 120ರವರೆಗೆ ಎಣಿಸು ಎಂದರೆ ಸುಮಾರು ಐದು ನಿಮಿಷ ತೆಗೆದುಕೊಳ್ಳುತ್ತಿದ್ದನಂತೆ. ತಮಾಷೆಯೆಂದರೆ ಅವನ ದೇಹ ಮಾತ್ರ, ದಿನಕ್ಕೆ 24 ಗಂಟೆಗಿಂತ ಸ್ವಲ್ಪ ಜಾಸ್ತಿ ಎನ್ನುವ ಲೆಕ್ಕದಲ್ಲಿ, ಅಚ್ಚುಕಟ್ಟಾಗಿ ಮಲಗಿ ಏಳುತ್ತಿತ್ತು. ದೇಹಕ್ಕೆ ಗೊತ್ತಿದ್ದದ್ದು ಮನಸ್ಸಿಗೆ ಗೊತ್ತಿರಲಿಲ್ಲ.

ಹಾಗಾಗಿ ಹೊತ್ತಿನ ಅಂದಾಜು ಹುಟ್ಟಿನಿಂದ ಬರುವುದಲ್ಲ, ಕಲಿಯಬೇಕು. ಪುಟ್ಟ ಮಕ್ಕಳನ್ನು ನೋಡಿ. ‘ನಿನ್ನೆ ಹೋಗೋಣ್ವಾ’ ಎನ್ನುತ್ತವೆ. ಆಗಿಹೋದದ್ದೆಲ್ಲ ನಿನ್ನೆ, ಅದು ಹೋದ ವರ್ಷದ್ದಾದರೂ ಸರಿ. ಶಾಲೆಗೆ ಸೇರಿದ ಮೇಲೆ ದೊಡ್ಡ ಮುಳ್ಳು, ಚಿಕ್ಕ ಮುಳ್ಳು ಕಲಿಯುತ್ತವೆ. ಆದರೆ ಮುಳ್ಳು ಓದುವುದು ಬೇರೆ, ಅರ್ಧ ಗಂಟೆ ಎಂದರೆ ಎಷ್ಟು ಎಂದು ಒಳಗೆ ತಿಳಿಯುವುದು ಬೇರೆ. ಎರಡನೆಯದನ್ನು ಯಾರೂ ಹೇಳಿಕೊಡುವುದಿಲ್ಲ. ಹೇಳಿಕೊಡಬೇಕಾದ ದೊಡ್ಡವರೇ ‘ಐದೇ ನಿಮಿಷ, ಬಂದೆ’ ಎಂದು ಹೇಳಿ ಮುಕ್ಕಾಲು ಗಂಟೆ ಹರಟೆ ಹೊಡೆಯುತ್ತಿರುತ್ತಾರೆ. ಪಾಪ, ಮಗು ಐದು ನಿಮಿಷವನ್ನು ಯಾವ ಅಳತೆಯಲ್ಲಿ ಕಲಿಯಬೇಕು?

ನಾವು ಎಡವುವುದು ದೊಡ್ಡ ಕೆಲಸದಲ್ಲಿ ಅಲ್ಲ, ಅದರ ಅಂಚಿನಲ್ಲಿ. ಮನೆಯಿಂದ ಹೊರಡುವುದನ್ನೇ ತೆಗೆದುಕೊಳ್ಳಿ. ದಾರಿ ಇಪ್ಪತ್ತು ನಿಮಿಷ. ಸರಿ, ಇಪ್ಪತ್ತು ನಿಮಿಷ ಮೊದಲು ಹೊರಟರೆ ಸಾಕು ಅನ್ನುತ್ತೇವೆ. ಆ ಲೆಕ್ಕದಲ್ಲಿ ಎರಡನೇ ಕಾಲುಚೀಲ ಹುಡುಕುವುದು ಇಲ್ಲ. ಕನ್ನಡಕ ಇಲ್ಲ, ಬೀಗದ ಕೈ ಇಲ್ಲ. ಫೋನಿನಲ್ಲಿ ಚಾರ್ಜ್ ಇಲ್ಲದ್ದು ಹೊಸ್ತಿಲಲ್ಲಿ ಗೊತ್ತಾಗುತ್ತದೆ. ಬಾಗಿಲು ಹಾಕಿ ನಾಲ್ಕು ಹೆಜ್ಜೆ ಹೋದವರು, ನಲ್ಲಿ ನಿಲ್ಲಿಸಿದೆನೋ ಇಲ್ಲವೋ ಎಂದು ವಾಪಸು ಬರುತ್ತಾರೆ. ನಿಲ್ಲಿಸಿಯೇ ಇರುತ್ತದೆ. ಇದೆಲ್ಲ ನಿತ್ಯ ನಡೆಯುವುದೇ. ಆದರೂ ಪ್ರತಿ ಸಲ ‘ಇವತ್ತು ಹೀಗಾಯ್ತು ನೋಡಿ’ ಎನ್ನುತ್ತೇವೆ.

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್ಮನ್, ಏಮಸ್ ಟ್ವರ್ಸ್ಕಿ ಈ ಕಾಯಿಲೆಯ ಬಗ್ಗೆ 1979ರಲ್ಲೇ ಬರೆದಿದ್ದರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದವಿಗಾಗಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಎಂದು ಕೇಳಿದರು. ಸರಾಸರಿ 34 ದಿನ ಎಂದರು. ಎಲ್ಲವೂ ಕೈಕೊಟ್ಟರೆ? ಆಗಲೂ 49 ದಿನದ ಒಳಗೇ ಎಂದರು. ಕೊನೆಗೆ ಹಿಡಿದದ್ದು 55 ದಿನಕ್ಕಿಂತ ಜಾಸ್ತಿ. ಅಂದರೆ ನಾವು ಊಹಿಸುವ ಕೆಟ್ಟ ಕಾಲವೂ ನಿಜಕ್ಕಿಂತ ಒಳ್ಳೆಯದೇ! ಅದೇ ಅಧ್ಯಯನದಲ್ಲಿ ಬೇರೆಯವರ ಕೆಲಸಕ್ಕೆ ಎಷ್ಟು ದಿನ ಬೇಕೆಂದು ಕೇಳಿದಾಗ ಜನ ಇಂಥ ಅತಿಯಾದ ಭರವಸೆ ತೋರಿಸಲಿಲ್ಲ. ಇದಕ್ಕೆ ಅಧ್ಯಯನವೇ ಬೇಕಾಗಿರಲಿಲ್ಲ ಬಿಡಿ. ದಿನಾ ತಡವಾಗಿ ಬರುವವರನ್ನೇ ಕೇಳಿ, ಇನ್ನೊಬ್ಬರು ಎಷ್ಟು ತಡ ಮಾಡುತ್ತಾರೆ ಎನ್ನುವುದನ್ನು ನಿಮಿಷ ತಪ್ಪದೆ ಹೇಳುತ್ತಾರೆ.

ಹಾಗಾದರೆ ಹೊತ್ತಿನ ಹದ ಯಾರ ಕೈಗೆ ಸಿಕ್ಕಿದೆ? ನನಗೆ ಕಂಡಂತೆ ಹಳೆಯ ಮೇಷ್ಟರುಗಳಿಗೆ. ಗಡಿಯಾರ ನೋಡದೆ, ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ ಕೊನೆಯ ವಾಕ್ಯಕ್ಕೆ ಬಂದು ನಿಲ್ಲುತ್ತಾರೆ. ರೇಡಿಯೋದಲ್ಲಿ ಮಾತಾಡುವವರಿಗೆ ಮೂವತ್ತು ಸೆಕೆಂಡು ನಾಲಿಗೆಯ ತುದಿಯಲ್ಲಿರುತ್ತದೆ. ಇವರೇನು ನಮಗಿಂತ ಶಿಸ್ತಿನವರು ಎಂದಲ್ಲ. ಇವರ ಅಂದಾಜು ತಪ್ಪಿದ ಕೂಡಲೇ, ತಪ್ಪಿತು ಅಂತ ಹೊರಗಿನಿಂದ ಸದ್ದು ಬರುತ್ತದೆ. ನಮಗೆ ಹಾಗೆ ಯಾರೂ ಗಂಟೆ ಬಾರಿಸುವುದಿಲ್ಲ. ಡೈರಿ, ಆ್ಯಪ್, ಬಣ್ಣಬಣ್ಣದ ಪಟ್ಟಿ ಎಲ್ಲ ಇವೆ. ಏನು ಮಾಡಬೇಕು ಎಂದು ಬರೆದುಕೊಳ್ಳುತ್ತೇವೆ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆಯುವುದಿಲ್ಲ. ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ 1980ರ ದಶಕದ ಕೊನೆಯಲ್ಲಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಓದತೊಡಗಿದ. ಅದೇ ಮುಂದೆ, 25 ನಿಮಿಷ ಕೆಲಸ, ಆಮೇಲೆ ಸ್ವಲ್ಪ ವಿರಾಮ ಎನ್ನುವ ಪೊಮೊಡೊರೊ (ಇಟಲಿಯ ಭಾಷೆಯಲ್ಲಿ ಟೊಮೆಟೊ) ಪದ್ಧತಿಯಾಯಿತು. ಜನ ಅದನ್ನು ಏಕಾಗ್ರತೆಗೆ ಹೊಗಳುತ್ತಾರೆ. ನನಗೆ ಹಿಡಿಸಿದ್ದು ಬೇರೆಯೇ. ಒಂದೇ ಟೊಮೆಟೊದಲ್ಲಿ ಮುಗಿಯುತ್ತೆ ಅಂದುಕೊಂಡ ಕೆಲಸ ನಾಲ್ಕನ್ನು ತಿಂದುಹಾಕಿದ್ದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಇಷ್ಟೆಲ್ಲ ಕಲಿತು ಹೊತ್ತಿಗೆ ಸರಿಯಾಗಿ ಹೋಗುವವರ ಪಾಡಾದರೂ ಏನು? ಸಭಾಂಗಣದಲ್ಲಿ ಖಾಲಿ ಕುರ್ಚಿ ಎಣಿಸುವ ಕೆಲಸ. ಮೈಕ್ ಕಟ್ಟುವವನು ಇವರನ್ನೇ ವಿಚಿತ್ರವಾಗಿ ನೋಡುತ್ತಾನೆ. ನಾಲ್ಕಾರು ಸಲ ಹೀಗಾದ ಮೇಲೆ ಅವರೂ ಬುದ್ಧಿವಂತರಾಗುತ್ತಾರೆ. ಹೇಗೂ ಅರ್ಧ ಗಂಟೆ ತಡ ಅಲ್ವಾ ಅಂತ ಆರಾಮವಾಗಿ ಹೊರಡುತ್ತಾರೆ. ಅವತ್ತೇ ಕಾರ್ಯಕ್ರಮ ಸರಿಯಾದ ಹೊತ್ತಿಗೆ ಶುರುವಾಗಿರುತ್ತದೆ.