ಮೂರು ಸಲ ಫಾರ್ಮ್ಯಾಟ್ ಹೊಡೆಸಿದ ಕಥೆ

ಕಳೆದ ಮದುವೆ ಸೀಸನ್ನಿನಲ್ಲಿ ನನ್ನ ಕಂಪ್ಯೂಟರಿಗೆ ಮೂರು ಸಲ ಫಾರ್ಮ್ಯಾಟ್ ಹೊಡೆಸಿದೆ. ಒಂದು ಸಲಕ್ಕೆ 500 ರೂಪಾಯಿ. ಫೋಟೋಶಾಪ್, ನುಡಿ, ಪ್ರಿಂಟರ್ ಡ್ರೈವರ್ ಎಲ್ಲ ಮತ್ತೆ ಹಾಕಿಕೊಳ್ಳೋದಕ್ಕೆ ಪ್ರತಿ ಸಲ ಒಂದು ದಿನ ಹಾಳು. ಮೂರನೇ ಸಲ ಮನೆಗೆ ತಂದ ಸಂಜೆಯೇ, ಒಂದು ಆಲ್ಬಮ್ಮಿನ ಹದಿನೆಂಟನೇ ಶೀಟ್ ಮಾಡುತ್ತಿದ್ದಾಗ ಕಂಪ್ಯೂಟರ್ ಕೈಕೊಟ್ಟಾಗ ವಿಂಡೋಸ್ ತೋರಿಸೋ ನೀಲಿ ಪರದೆ ಬಂತು. ಸೇವ್ ಮಾಡಿರಲಿಲ್ಲ. ಯಾರನ್ನು ಬೈಯಬೇಕೋ ಗೊತ್ತಾಗದೆ ಮೌಸನ್ನು ಬೈದೆ.

ನಾನು ಸಾಗರದಲ್ಲಿ ಆಲ್ಬಂ ಡಿಸೈನ್ ಮಾಡೋನು. ಕಂಪ್ಯೂಟರ್ 2018ರಲ್ಲಿ ಅಸೆಂಬಲ್ ಮಾಡಿಸಿದ್ದು. ಮೊದಲ ತಲೆಮಾರಿನ ರೈಜೆನ್ ಪ್ರೊಸೆಸರ್, ಕೆಲಸದ ಹೊತ್ತಿಗೆ ಫೈಲು ಹಿಡಿದಿಡೋ ಮೆಮೊರಿ ಅಂದರೆ 4 ಜಿಬಿಯ ಎರಡು ರ‍್ಯಾಮ್. ವರ್ಷಗಟ್ಟಲೆ ಕಿರಿಕಿರಿ ಇಲ್ಲದೆ ದುಡಿದಿದೆ. ಆದರೆ ಈಗಿನ ಕ್ಯಾಮೆರಾಗಳ ಫೈಲು ದೊಡ್ಡದು, 8 ಜಿಬಿ ಸಾಲುತ್ತಿರಲಿಲ್ಲ. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ 8 ಜಿಬಿಯ ಎರಡು ಹೊಸ ರ‍್ಯಾಮ್, ಜೊತೆಗೆ 4 ಟಿಬಿಯ ಹಾರ್ಡ್ ಡಿಸ್ಕ್ ತಂದೆ. "ಯಾವ ಮದರ್‌ಬೋರ್ಡ್ ಸಾರ್?" ಅಂತ ಅಂಗಡಿಯವನು ಕೇಳಿದ್ದ. "ಡಿಡಿಆರ್ 4 ಕಣಪ್ಪ, ಅಷ್ಟು ಸಾಕಲ್ವಾ" ಅಂತ ರ‍್ಯಾಮಿನ ಜಾತಿಯಷ್ಟೇ ಹೇಳಿದ್ದೆ.

ಮನೆಗೆ ಬಂದು ನಾಲ್ಕನ್ನೂ ಚುಚ್ಚಿದೆ. 24 ಜಿಬಿ ತೋರಿಸಿತು. ಯೂಟ್ಯೂಬ್ ನೋಡಿ, ವಿಂಡೋಸಿಗೂ ಮೊದಲೇ ಬರೋ ಸೆಟ್ಟಿಂಗ್ ಪರದೆ ಬಯಾಸ್‌ಗೆ ಹೋಗಿ ರ‍್ಯಾಮಿನ ಸ್ಪೀಡನ್ನೂ 2933ಕ್ಕೆ ಏರಿಸಿದೆ. ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನೋ ಲೆಕ್ಕ.

ಆಮೇಲೆ ಶುರುವಾಯಿತು. ದಿನಕ್ಕೊಂದು ಸಲ, ಕೆಲವೊಮ್ಮೆ ಮೂರು ಸಲ, ಕಂಪ್ಯೂಟರ್ ತಾನಾಗೇ ರೀಸ್ಟಾರ್ಟ್. ನಮ್ಮ ಕಡೆ ಎರಡು ಹನಿ ಬಿದ್ದರೆ ಕರೆಂಟ್ ಹೋಗುತ್ತೆ, ಹಾಗಾಗಿ ಮೊದಲು ಯುಪಿಎಸ್ ಮೇಲೆ ಅನುಮಾನ. ವಿಂಡೋಸ್ ತಪ್ಪುಗಳನ್ನು ಬರೆದಿಡೋ ಈವೆಂಟ್ ವ್ಯೂವರ್ ತೆಗೆದರೆ ಕೆಂಪು ಗುರುತಿನ ಜೊತೆ 'ಕರ್ನಲ್ ಪವರ್ 41' ಅಂತಿತ್ತು. ಪವರ್ ಅನ್ನೋ ಪದ ನೋಡಿದ್ದೇ ಕಂಪ್ಯೂಟರಿಗೆ ಕರೆಂಟ್ ಹಂಚೋ ಎಸ್‌ಎಂಪಿಎಸ್ ಬದಲಾಯಿಸಿದೆ. ಆ 41ರ ಅರ್ಥ "ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಆನ್ ಆಗಿದೆ" ಅಂತ ಅಷ್ಟೇ, ಕಾರಣ ಅದಕ್ಕೂ ಗೊತ್ತಿರೋಲ್ಲ ಅಂತ ಆಮೇಲೆ ತಿಳಿಯಿತು. ಆ ನಂಬರ್ ನೋಡಿ ಎಸ್‌ಎಂಪಿಎಸ್ ಕೊಂಡವನು ನಾನೊಬ್ಬನೇ ಆಗಿರಲಾರೆ.

ಸುಮ್ನೆ ರೀಸ್ಟಾರ್ಟ್ ಆಗಿದ್ದರೆ ಹೇಗೋ ತಡಕೊಳ್ಳುತ್ತಿದ್ದೆ. ಒಂದು ದಿನ ಧಾರೆಯ ಫೋಟೋ ತೆಗೆದರೆ, ಮದುಮಗಳ ಮುಖ ಸರಿ ಇದೆ, ಭುಜದಿಂದ ಕೆಳಗೆ ಬಣ್ಣವೇ ಬೇರೆ. ಕೈ ಹಸಿರು, ತೆಂಗಿನಕಾಯಿ ನೇರಳೆ, ಇಡೀ ಚಿತ್ರ ಒಂದಿಂಚು ಪಕ್ಕಕ್ಕೆ ಜರುಗಿದೆ. ಜೆಪೆಗ್ ಫೈಲಿನಲ್ಲಿ ಒಂದೇ ಒಂದು ಬಿಟ್ ತಪ್ಪಿದರೂ ಅಲ್ಲಿಂದ ಕೆಳಗಿನದೆಲ್ಲ ಹೀಗೆ ಕೆಡಬಹುದು. ಅಂದರೆ ಕಾರ್ಡಿನಿಂದ ಕಾಪಿ ಮಾಡುವಾಗಲೇ ಕಂಪ್ಯೂಟರ್ ಫೋಟೋಗಳನ್ನು ತಿಂದುಹಾಕುತ್ತಿತ್ತು! ಪುಣ್ಯಕ್ಕೆ ಕಾರ್ಡ್ ಇನ್ನೂ ಅಳಿಸಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಬೀದಿಯ ಡಿಪ್ಲೊಮಾ ಹುಡುಗನನ್ನು ಕರೆದೆ. ಅವನು ಕೇಳಿದ ಮೊದಲ ಪ್ರಶ್ನೆ: "ಅಣ್ಣ, ನೀಲಿ ಪರದೆಲಿ ಬರೋ ಹೆಸರು ಪ್ರತಿ ಸಲ ಒಂದೇನಾ, ಬೇರೆ ಬೇರೆನಾ?" ಬೇರೆ ಬೇರೆ ಅಂದೆ. ಒಂದು ಸಲ ಮೆಮೊರಿ ಮ್ಯಾನೇಜ್‌ಮೆಂಟ್, ಇನ್ನೊಂದು ಸಲ ಏನೇನೋ. "ಹಂಗಾದ್ರೆ ರ‍್ಯಾಮ್ ನೋಡೋಣ" ಅಂದ. ಪೆನ್‌ಡ್ರೈವಿಗೆ ಮೆಮ್‌ಟೆಸ್ಟ್ ಹಾಕಿ, ವಿಂಡೋಸ್ ಇಲ್ಲದೆಯೇ ಅದರಿಂದ ಬೂಟ್ ಮಾಡಿಟ್ಟು ಹೋದ. ರ‍್ಯಾಮ್ ಪರೀಕ್ಷಿಸೋ, ದುಡ್ಡು ಬೇಡದ ತಂತ್ರಾಂಶ ಅದು. ರಾತ್ರಿ ಎರಡೂವರೆಗೆ ನೀರು ಕುಡಿಯಲು ಎದ್ದವನು ನೋಡಿದರೆ, ಟೆಸ್ಟಿನ ನೀಲಿ ಪರದೆ ತುಂಬ ತಪ್ಪು ತೋರಿಸೋ ಕೆಂಪು ಸಾಲು.

ಬೆಳಿಗ್ಗೆ ಬಂದು ಒಂದೊಂದೇ ರ‍್ಯಾಮ್ ಹಾಕಿ ಟೆಸ್ಟ್ ಮಾಡಿದ. ನಾಲ್ಕೂ ಪಾಸ್! ಯಾವುದೂ ಕೆಟ್ಟಿರಲಿಲ್ಲ. ನಾಲ್ಕನ್ನೂ ಒಟ್ಟಿಗೆ ಕಟ್ಟಿದಾಗ ಮಾತ್ರ ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ನನ್ನ ಪ್ರೊಸೆಸರಿಗೆ ಕಂಪನಿಯೇ ಹೇಳಿದ ಮಿತಿ ಇದೆಯಂತೆ. ಎರಡು ರ‍್ಯಾಮ್ ಇದ್ದರೆ 2666ರ ತನಕ, ನಾಲ್ಕೂ ಸ್ಲಾಟ್ ತುಂಬಿದರೆ 2133, ಒಂದೊಂದರಲ್ಲೂ ಎರಡೆರಡು ಗುಂಪು ಚಿಪ್ಪು ಇದ್ದು ಡಬಲ್ ರ‍್ಯಾಂಕ್ ಆಗಿದ್ದರೆ 1866. ನಾನು ಅದರ ಮೇಲೆ 2933 ಹೇರಿದ್ದೆ. ಹಳೆಯ ಎರಡನ್ನೂ ತೆಗೆದು, ಹೊಸ ಎರಡನ್ನು 2666ಕ್ಕೆ ಇಳಿಸಿದ. ಮತ್ತೊಂದು ರಾತ್ರಿಯ ಟೆಸ್ಟಿನಲ್ಲಿ ಒಂದೂ ಕೆಂಪು ಸಾಲಿಲ್ಲ.

ಹೊಸ ಹಾರ್ಡ್ ಡಿಸ್ಕ್ ನಿಧಾನವಾಗಿದ್ದು ಬೇರೆಯೇ ಕಥೆ. ಕಾಪಿ ಶುರುವಾದಾಗ ಸೆಕೆಂಡಿಗೆ 150 ಎಂಬಿ ಓಡೋದು, ಸ್ವಲ್ಪ ಹೊತ್ತಾದ ಮೇಲೆ 15ಕ್ಕೆ ಬಂದು ತೆವಳೋದು. ಹುಡುಗ ಮೊದಲು ಡಿಸ್ಕನ್ನು ಬೋರ್ಡಿಗೆ ಜೋಡಿಸೋ ಸಾಟಾ ಕೇಬಲ್ ನೋಡಿದ. ಡಿಸ್ಕ್ ತನ್ನ ಆರೋಗ್ಯ ಬರೆದಿಡೋ ಸ್ಮಾರ್ಟ್ ಪಟ್ಟಿಯಲ್ಲಿ ಸಿಆರ್‌ಸಿ ಎರರ್ ಅಂತ ಒಂದು ಲೆಕ್ಕ ಇರುತ್ತೆ, ಅದು ಏರುತ್ತಿದ್ದರೆ ಸಾಮಾನ್ಯವಾಗಿ ಕೇಬಲ್ಲಿನದೇ ತಪ್ಪು. ನಮ್ಮದು ಸೊನ್ನೆ. ಆಮೇಲೆ ಆ ಕೇಬಲ್ ಚುಚ್ಚೋ ಪೋರ್ಟ್ ಬದಲಾಯಿಸಿದ. ಇದೇನು ಹುಡುಗಾಟ ಅಂದುಕೊಂಡೆ. ಆದರೆ 2011ರಲ್ಲಿ ಇಂಟೆಲ್‌ನ 6ನೇ ಸರಣಿಯ, ಬೋರ್ಡಿನ ಪೋರ್ಟುಗಳನ್ನು ನಡೆಸೋ ಚಿಪ್‌ಸೆಟ್ಟಿನಲ್ಲಿ ಪೋರ್ಟುಗಳೇ ಸವೆಯುವ ದೋಷ ಇತ್ತು. ಮೊದಲ ಎರಡು ಪೋರ್ಟ್ ಸರಿ, ಉಳಿದ ನಾಲ್ಕು ಕಾಲ ಕಳೆದಂತೆ ಕುಂಟುವ ಸಾಧ್ಯತೆ. ಜನವರಿ 31ರಂದು ಕಂಪನಿಯೇ ಒಪ್ಪಿಕೊಂಡು ಸರಬರಾಜು ನಿಲ್ಲಿಸಿ, ದುರಸ್ತಿ ಮತ್ತು ಬದಲಾವಣೆಗೆ 70 ಕೋಟಿ ಡಾಲರ್ ಅಂದಾಜು ಹೇಳಿತ್ತು. ಪೋರ್ಟ್ ಬದಲಾಯಿಸಿ ನೋಡೋದಕ್ಕೆ ಖರ್ಚೇನಿಲ್ಲವಲ್ಲ.

ನನ್ನದರಲ್ಲಿ ಅದೂ ಅಲ್ಲ. ಡಿಸ್ಕ್ ಎಸ್‌ಎಂಆರ್ ಜಾತಿಯದ್ದು. ಹೆಂಚಿನ ಮನೆ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತೆ. ಹೆಂಚಿನ ಮೇಲೆ ಹೆಂಚು ಹೊದಿಸಿದಂತೆ ಒಂದು ಗೆರೆಯ ಮೇಲೆ ಇನ್ನೊಂದು ಗೆರೆ ಒತ್ತಿ ಬರೆಯೋದು. ಕಡಿಮೆ ಜಾಗದಲ್ಲಿ ಜಾಸ್ತಿ ಹಿಡಿಯುತ್ತೆ. ಆದರೆ ಒಳಗಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲೆ ಕೂತವನ್ನೆಲ್ಲ ಎತ್ತಿ ಮತ್ತೆ ಹೊದಿಸಬೇಕು. ಬ್ಯಾಕಪ್ ಹಾಕಿ ಇಡೋದಕ್ಕೆ ಸರಿ, ದಿನಾ ಬರೆದು ಅಳಿಸೋ ಕೆಲಸಕ್ಕಲ್ಲ. ಕೆಲವು ಡಿಸ್ಕುಗಳಲ್ಲಿ ಇದನ್ನು ಹೇಳದೇ ಮಾರಿದ್ದು 2020ರಲ್ಲಿ ಹೊರಬಿದ್ದು ದೊಡ್ಡ ಗಲಾಟೆಯಾಗಿತ್ತು. ಆಮೇಲೇ ಕಂಪನಿಗಳು ಯಾವ ಮಾಡೆಲ್ ಯಾವ ಜಾತಿ ಅಂತ ಪಟ್ಟಿ ಹಾಕಿದ್ದು. ಡಬ್ಬದ ಮೇಲೆ ಹುಡುಕಿದೆ, ನನಗಂತೂ ಕಾಣಲಿಲ್ಲ.

ಹುಡುಗ ಮೂರು ದಿನ ಓಡಾಡಿದ. ಎಷ್ಟು ಕೊಡಲಿ ಅಂದರೆ "ಏನೂ ಪಾರ್ಟ್ ಹಾಕಿಲ್ವಲ್ಲ ಅಣ್ಣ" ಅಂದ. ನನಗೆ ಚುಚ್ಚಿದ್ದು ಈ ಮಾತು. ಸೀಸನ್ನಿನ ಮೊದಲು ರಿಪೇರಿ ಅಂಗಡಿಯವರು "ಎರಡು ದಿನ ಇಟ್ಟು ಚೆಕ್ ಮಾಡ್ತೀವಿ, 300 ಆಗುತ್ತೆ" ಅಂದಾಗ "ನೋಡೋದಕ್ಕೂ ದುಡ್ಡಾ?" ಅಂತ ಕೇಳಿದವನು ನಾನೇ. ಪಾರ್ಟ್ ಹಾಕಿದರೆ ಕೊಡ್ತೀವಿ, ಫಾರ್ಮ್ಯಾಟ್ ಹೊಡೆದರೆ ಕೊಡ್ತೀವಿ, ತಪ್ಪು ಎಲ್ಲಿದೆ ಅಂತ ಹುಡುಕಿದರೆ ಕೊಡೋಲ್ಲ. ಮತ್ತೆ ಅವರಾದರೂ ಏನು ಮಾಡ್ತಾರೆ? ಕಣ್ಣಿಗೆ ಕಾಣೋ ಕೆಲಸ ಮಾಡಿ 500 ತಗೊಳ್ತಾರೆ. ಎಸ್‌ಎಂಪಿಎಸ್ ಲೆಕ್ಕ ಬಿಟ್ಟರೂ 300 ಉಳಿಸೋಕೆ ಹೋಗಿ 1500 ಕಳೆದೆ. ಹುಡುಗನ ಜೇಬಿಗೆ ಬಲವಂತವಾಗಿ ಸಾವಿರ ತುರುಕಿದೆ, ಅರ್ಧ ವಾಪಸ್ ಕೊಟ್ಟ.

ತೆಗೆದ ಹಳೇ ರ‍್ಯಾಮ್ ಎರಡೂ ಮೇಜಿನ ಡ್ರಾದಲ್ಲಿವೆ. ಹೇಗೋ ಸುದ್ದಿ ತಿಳಿದು ನಿನ್ನೆ ಹೊಸನಗರದ ಸ್ಟುಡಿಯೋ ಗೆಳೆಯ ಫೋನ್ ಮಾಡಿದ್ದ. "ನಿಂದು ಎರಡು ರ‍್ಯಾಮ್ ಸುಮ್ನೆ ಇದೆಯಂತಲ್ಲ ಮಾರಾಯ, ಕೊಡು, ನನ್ನದಕ್ಕೆ ಹಾಕ್ಕೋತೀನಿ."

"ಯಾವ ಬೋರ್ಡ್ ನಿಂದು?" ಅಂದೆ.

"ಅದೆಲ್ಲ ಗೊತ್ತಿಲ್ಲ ಮಾರಾಯ. ಕಪ್ಪು ಬಣ್ಣದ್ದು."