ತಾಮ್ರ ಇದ್ರೆ ಹೇಳಿ ಸಾರ್

ನಮ್ಮ ಮನೆಯ ಫ್ರಿಜ್ ಹೋದ ಆಷಾಢದಲ್ಲಿ ತೀರಿಕೊಂಡಿತು. 2004ರಲ್ಲಿ ಅಮ್ಮ ಚೀಟಿ ದುಡ್ಡಿನಲ್ಲಿ ತಂದದ್ದು. ದೋಸೆ ಹಿಟ್ಟು, ಕರಿಬೇವು, ಯಾರೂ ತಿನ್ನದ ಮೊನ್ನೆಯ ಸಾರು ಎಲ್ಲವನ್ನೂ ಇಪ್ಪತ್ತು ವರ್ಷಕ್ಕೂ ಜಾಸ್ತಿ ಹೊಟ್ಟೆಯಲ್ಲಿಟ್ಟು ಕಾಪಾಡಿತ್ತು. ಒಂದು ರಾತ್ರಿ ಗುರ್ ಎಂದು ನಡುಗಿ, ಕಾಲ ಬಳಿ ಒಂದು ಬೊಗಸೆ ನೀರು ಬಿಟ್ಟು ಸುಮ್ಮನಾಯಿತು.

‘ಗುಜರಿಗೆ ಹಾಕು’ ಎಂದರು ಎಲ್ಲರೂ. ನಾನು ಒಪ್ಪಲಿಲ್ಲ. 2022ರ ಈ-ವೇಸ್ಟ್ ನಿಯಮ, ಅಂದರೆ ಕೆಟ್ಟ ಕರೆಂಟ್ ಸಾಮಾನಿನ ಕಸದ ನಿಯಮ, ಓದಿಕೊಂಡಿದ್ದೆ. ಅದೇ ತಪ್ಪಾಯಿತು ನೋಡಿ. ಸತ್ತ ಫ್ರಿಜ್ಜನ್ನು ಸರ್ಕಾರದ ನೋಂದಣಿ ಇರುವ ಮರುಬಳಕೆಯವರಿಗೇ ಮುಟ್ಟಿಸಬೇಕು ಎಂದು ಪಟ್ಟು ಹಿಡಿದು, ಒಂದು ನಂಬರ್ ಹುಡುಕಿ ಫೋನ್ ಮಾಡಿದೆ.

‘ಎಷ್ಟಿದೆ ಸಾರ್?’

‘ಒಂದು.’

‘ಒಂದು ಲೋಡಾ?’

‘ಒಂದು ಫ್ರಿಜ್ಜು.’

ಆ ಕಡೆ ನಿಟ್ಟುಸಿರು. ‘ಆಫೀಸಿನ ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ವಾ? ಒಂದಕ್ಕೆಲ್ಲ ಗಾಡಿ ಬರಲ್ಲ ಸಾರ್. ಅಕ್ಕಪಕ್ಕದವರದೂ ಸೇರಿಸಿಟ್ಟು ಹೇಳಿ.’

ಅಕ್ಕಪಕ್ಕದವರ ಫ್ರಿಜ್ಜುಗಳೂ ಬೇಗ ಸಾಯಲಿ ಎಂದು ಯಾವ ದೇವರಿಗೆ ಹರಕೆ ಹೊರಲಿ? ಎದುರು ಮನೆಯವರ ಫ್ರಿಜ್ಜಂತೂ ಇನ್ನೂ ಇಎಂಐಯಲ್ಲಿದೆ.

ಇನ್ನೊಂದು ತಮಾಷೆ ಕೇಳಿ. ಕಂಪನಿಗಳು ಹಿಂದೆ ಮಾರಿದ ಮಾಲಿನಲ್ಲಿ ಇಂತಿಷ್ಟು ಪಾಲನ್ನು ಮರುಬಳಕೆ ಮಾಡಿಸಿ ಲೆಕ್ಕ ತೋರಿಸಬೇಕು. 2023-24ರಲ್ಲಿ ಶೇ 60, ಮುಂದೆ ಶೇ 80. ಎಷ್ಟು ಹಿಂದೆ ಮಾರಿದ್ದು? ಅದಕ್ಕೂ ಪಟ್ಟಿ ಇದೆ. ಫ್ರಿಜ್ಜಿನ ಹಣೆಯಲ್ಲಿ 10 ವರ್ಷ ಎಂದು ಬರೆದಿದ್ದಾರೆ. ಅಂದರೆ ಕಾಗದದ ಪ್ರಕಾರ ನಮ್ಮದು 2014ರಲ್ಲೇ ಶಿವನ ಪಾದ ಸೇರಿತ್ತು. ಆಮೇಲೆ ಇಷ್ಟು ವರ್ಷ ನಾವು ಹಾಲು ಇಟ್ಟದ್ದು ಅದರ ಪ್ರೇತದ ಹೊಟ್ಟೆಯಲ್ಲಿ.

ಎಕ್ಸ್‌ಚೇಂಜ್ ಆಫರ್ ನೋಡೋಣ ಎಂದು ಅಂಗಡಿಗೆ ಹೋದೆ. ಹುಡುಗ ಕೇಳಿದ ಮೊದಲ ಪ್ರಶ್ನೆ, ‘ಕಂಪ್ರೆಸರ್ ಇದೆಯಾ ಸಾರ್?’ ಫ್ರಿಜ್ ಎಷ್ಟು ಲೀಟರಿನದು, ಯಾವ ಬಣ್ಣ, ಏನಾಗಿ ಸತ್ತಿತು, ಒಂದೂ ಬೇಡ.

‘ಇದೆ. ಎಷ್ಟು ಕೊಡ್ತೀರಿ?’

‘1,500 ಕಡಿಮೆ ಮಾಡ್ತೀವಿ.’

‘ಹಳೇದು ಕೊಡದಿದ್ದರೆ?’

‘ಆಗ ಫೆಸ್ಟಿವಲ್ ಡಿಸ್ಕೌಂಟು, 1,500.’

ಆಷಾಢದಲ್ಲಿ ಯಾವ ಫೆಸ್ಟಿವಲ್ಲು ಎಂದು ಕೇಳಲಿಲ್ಲ. ಇಪ್ಪತ್ತು ವರ್ಷ ದುಡಿದ ಜೀವ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನನ್ನ ನಿವೃತ್ತಿ ನೆನಪಾಯಿತು.

ಭಾನುವಾರ ಬೆಳಿಗ್ಗೆ ‘ಹಳೇ ಕಬ್ಣಾ, ಹಳೇ ಪೇಪರ್’ ಎಂಬ ಕೂಗು ಕೇಳಿಸಿತು. ನನ್ನ ನಾಗರಿಕ ಪ್ರಜ್ಞೆಯನ್ನು ಅಟ್ಟದ ಮೇಲೆ ಹಾಕಿ, ಗೇಟು ತೆಗೆದೆ.

ಆತನ ಜೇಬಿನಲ್ಲಿ ದಾರ ಕಟ್ಟಿದ ಒಂದು ಅಯಸ್ಕಾಂತ. ಅಷ್ಟೇ ಅವನ ಲ್ಯಾಬು. ಫ್ರಿಜ್ಜಿನ ಬೆನ್ನಿನ ಕಪ್ಪು ಜಾಲರಿಗೆ ತಾಗಿಸಿದ. ಟಕ್ ಅಂತ ಅಂಟಿತು. ‘ಕಬ್ಣ.’ ಫ್ರೀಜರಿಗೆ ತಾಗಿಸಿದ. ಜಾರಿತು. ‘ಸಿಲ್ವರ್.’ ಇವರ ಬಾಯಲ್ಲಿ ಸಿಲ್ವರ್ ಅಂದರೆ ಬೆಳ್ಳಿ ಅಲ್ಲ, ಅಲ್ಯೂಮಿನಿಯಂ. ಗೊತ್ತಿಲ್ಲದೆ ಒಂದು ಕ್ಷಣ ನಾನು ಹಿಗ್ಗಿದ್ದು ನಿಜ. ಕೊನೆಗೆ ಕಂಪ್ರೆಸರಿನ ಪಕ್ಕದ ಗೇಣುದ್ದದ ಕೆಂಪು ಪೈಪನ್ನು ಉಗುರಿನಿಂದ ಕೆರೆದು, ಮೊದಲ ಸಲ ನಕ್ಕ. ‘ಇದು ತಾಮ್ರ.’

ಅವನು ಕಟಿಂಗ್ ಪ್ಲೇಯರ್ ಹಾಕಿ ಆ ಪೈಪನ್ನು ಕತ್ತರಿಸಿದಾಗ ‘ಸುಯ್’ ಎಂದಿತು. ಅರ್ಧ ನಿಮಿಷ. ಆ ಕಾಲದ ಫ್ರಿಜ್ಜುಗಳಲ್ಲಿ ಸಾಮಾನ್ಯವಾಗಿ ಇದ್ದ ಆರ್-134ಎ ಗ್ಯಾಸು ಅದು. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಜಾಸ್ತಿ ಜೋರು. ನೂರು ಚಿಲ್ಲರೆ ಗ್ರಾಂ ಇರಬಹುದು. ಅತ್ತ ನಾನು ಸ್ಕೂಟರಿನ ಹೊಗೆ ತಪಾಸಣೆಗೆ ಆರಾರು ತಿಂಗಳಿಗೆ ದುಡ್ಡು ಕಟ್ಟುತ್ತೇನೆ.

ಜೊತೆಗೆ ಅಮ್ಮನ ಹಳೇ ಮಿಕ್ಸಿಯನ್ನೂ ತಂದಿಟ್ಟೆ. ಅದರ ಮೇಲೆ ‘ಪ್ಯೂರ್ ಕಾಪರ್ ಮೋಟಾರ್’ ಎಂಬ ಸ್ಟಿಕ್ಕರ್ ಇನ್ನೂ ಮಿರಮಿರ ಮಿಂಚುತ್ತಿತ್ತು. ತಾಮ್ರಕ್ಕೆ ಕೆಜಿಗೆ ಏಳ್ನೂರರ ಮೇಲಿದೆ ಅಂತ ವಿಚಾರಿಸಿಯೇ ಇಟ್ಟಿದ್ದೆ. ಆತ ಮೋಟಾರ್ ಬಿಚ್ಚಿದ. ಒಳಗೆ ಕೆಂಪಗೆ ಹೊಳೆಯುವ ತಂತಿ! ‘ನೋಡಪ್ಪಾ’ ಎಂದೆ. ಅವನು ಬ್ಲೇಡಿನಿಂದ ಒಂದು ಎಳೆಯನ್ನು ಗೀರಿದ. ಕೆಂಪು ಬಣ್ಣ ಹೊಟ್ಟಿನಂತೆ ಉದುರಿ, ಒಳಗಿಂದ ಬಿಳೀ ತಂತಿ ಹಲ್ಲು ಕಿರಿಯಿತು. ‘ಸಿಲ್ವರ್ ಸಾರ್. ಮೇಲೆ ಬರೀ ಬಣ್ಣ.’ ಹದಿನಾಲ್ಕು ವರ್ಷ ಚಟ್ನಿ ರುಬ್ಬಿದ ಗುಟ್ಟು ಒಂದು ಗೀರಿಗೆ ಬಯಲಾಯಿತು. ಅಮ್ಮ ಅವತ್ತು ಆ ಸ್ಟಿಕ್ಕರ್ ನೋಡಿಯೇ ಆರುನೂರು ಜಾಸ್ತಿ ಕೊಟ್ಟಿದ್ದಳು. ಈಗ ಅವಳಿಗೆ ಹೇಳಲಿಲ್ಲ.

ಎಲ್ಲ ಸೇರಿ 950 ರೂಪಾಯಿ ಎಣಿಸಿದ. ಕಂಪ್ರೆಸರು, ಜಾಲರಿ, ಫ್ರೀಜರು, ಮೋಟಾರು ಗಾಡಿ ಹತ್ತಿದವು. ಮುಂದೆ ಬೆಂಗಳೂರಿನ ಗುಜರಿ ಪೇಟೆ ಜಾಲಿ ಮೊಹಲ್ಲಾ, ಅಲ್ಲಿಂದ ಅವುಗಳ ಹಣೆಬರಹ. ಉಳಿದ ದೇಹ, ಅಂದರೆ ಬಾಗಿಲು, ಪ್ಲಾಸ್ಟಿಕ್ಕು, ಹಳದಿ ಫೋಮು? ‘ಅದಕ್ಕೆ ರೇಟಿಲ್ಲ ಸಾರ್.’ ಮೂಲೆಯ ಖಾಲಿ ಸೈಟಿಗೆ ಎಸೆದು, ಬೆಲ್ ಹೊಡೆಯುತ್ತಾ ಹೊರಟೇಹೋದ.

ಅವನನ್ನು ಬೈಯಲು ಬಾಯಿ ತೆಗೆದೆ, ಆಮೇಲೆ ಮುಚ್ಚಿಕೊಂಡೆ. ಯಾಕೆಂದರೆ ನಮ್ಮ ನಿಯಮದ ಜೇಬಿನಲ್ಲೂ ಅದೇ ಅಯಸ್ಕಾಂತ. ಮರುಬಳಕೆ ಘಟಕಕ್ಕೆ ಸರ್ಟಿಫಿಕೇಟ್ ಸಿಗುವುದು ನಾಲ್ಕು ಲೋಹದ ಲೆಕ್ಕಕ್ಕೆ: ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ. ಗ್ಯಾಸು ಹಿಡಿದಿಟ್ಟೆ ಎಂದರೆ, ಫೋಮು ಬೇರ್ಪಡಿಸಿದೆ ಎಂದರೆ ಆ ಸರ್ಟಿಫಿಕೇಟಿನಲ್ಲಿ ಒಂದು ಗ್ರಾಂ ಏರುವುದಿಲ್ಲ. ಹಾಗೆ ಹುಟ್ಟಿದ ಸರ್ಟಿಫಿಕೇಟನ್ನು ಫ್ರಿಜ್ ಕಂಪನಿಯವರು ತಮ್ಮ ಪಾಲಿನ ಲೆಕ್ಕ ತೋರಿಸಲು ಕೊಳ್ಳುತ್ತಾರೆ. ಕಾಗದ ಎಂದ ಮೇಲೆ ಕೇಳಬೇಕೇ? ಪ್ಲಾಸ್ಟಿಕ್ಕಿಗೂ ಇಂಥದೇ ಸರ್ಟಿಫಿಕೇಟ್ ಪದ್ಧತಿ ಇದೆ. 2023ರಲ್ಲಿ ತಪಾಸಣೆ ಮಾಡಿದರೆ 6 ಲಕ್ಷಕ್ಕೂ ಹೆಚ್ಚು ನಕಲಿ ಸಿಕ್ಕವು. ತಯಾರಿಸಿದವರು ಗುಜರಾತ್, ಮಹಾರಾಷ್ಟ್ರದವರು, ಜೊತೆಗೆ ನಮ್ಮ ಕರ್ನಾಟಕದವರೂ. ಬ್ಲೇಡಿನಿಂದ ಒಂದು ಗೀರು ಹಾಕಿದ್ದರೆ ಮೊದಲೇ ಗೊತ್ತಾಗುತ್ತಿತ್ತು.

ಇತ್ತ ಆ 950 ರೂಪಾಯಿಗೆ ಇನ್ನೂರು ಸೇರಿಸಿ ನನ್ನ ಹೆಂಡತಿ ತಾಮ್ರದ ನೀರಿನ ಬಾಟಲಿ ತಂದಳು. ಆರೋಗ್ಯಕ್ಕೆ ಒಳ್ಳೆಯದಂತೆ. ನಾನು ಉಗುರಿನಿಂದ ಕೆರೆದು ನೋಡಲು ಹೋಗಿ ಬೈಸಿಕೊಂಡೆ.

ಸೈಟಿನಲ್ಲಿ ಬಾಗಿಲು ಇನ್ನೂ ಬಿದ್ದಿದೆ. ಅದರ ಮೇಲೆ ಅಮ್ಮ ಅಂಟಿಸಿದ್ದ ಗಣೇಶನ ಸ್ಟಿಕ್ಕರ್ ಮಳೆಗೂ ಜಗ್ಗಿಲ್ಲ. ಮೊನ್ನೆ ಕಸದ ಆಟೋ ನಿಲ್ಲಿಸಿ, ಅದನ್ನಾದರೂ ಒಯ್ಯಿರಿ ಎಂದು ಬೇಡಿಕೊಂಡೆ. ಆಟೋದ ಹುಡುಗ ಇಳಿದು ನೋಡಿ, ಗಣೇಶನಿಗೆ ಕೈ ಮುಗಿದ.

‘ಇದು ಈ-ವೇಸ್ಟ್ ಸಾರ್. ನಾವು ಮುಟ್ಟೋ ಹಾಗಿಲ್ಲ. ಅದಕ್ಕೇ ಅಂತ ಒಂದು ನಂಬರ್ ಇದೆ, ಬರ್ಕೊಳ್ಳಿ.’

ಬರೆದುಕೊಂಡೆ. ಅದೇ ನಂಬರ್.